‘ಸಿಐಡಿ’: ಕಪಾಳಮೋಕ್ಷವೇ ಸಾಕ್ಷ್ಯವಾದ ಧಾರಾವಾಹಿ

ಸೋನಿ ವಾಹಿನಿಯ ಹಿಂದಿ ಪತ್ತೇದಾರಿ ಧಾರಾವಾಹಿ ‘ಸಿಐಡಿ’ 1998ರ ಜನವರಿ 21ರಂದು ಆರಂಭವಾಗಿ 2018ರ ಅಕ್ಟೋಬರ್ 27ರವರೆಗೆ ನಡೆಯಿತು. ಇಪ್ಪತ್ತು ವರ್ಷ ಒಂಬತ್ತು ತಿಂಗಳಲ್ಲಿ 1,547 ಕಂತುಗಳು ಪ್ರಸಾರವಾದವು. ವಾಹಿನಿ ಅದನ್ನು ಮುಕ್ತಾಯ ಎನ್ನದೆ ಮಧ್ಯಂತರ ಎಂದು ಕರೆಯಿತು. ಆರು ವರ್ಷಗಳ ಬಳಿಕ, 2024ರ ಡಿಸೆಂಬರ್ 21ರಂದು, ಅದೇ ಎಸಿಪಿ ಪ್ರದ್ಯುಮ್ನ, ಅದೇ ಅಭಿಜೀತ್, ಅದೇ ದಯಾ ಮತ್ತೆ ಪರದೆಗೆ ಬಂದರು. ಕಾಲ್ಪನಿಕ ಅಪರಾಧ ಕಥೆಗಳ ಸರಣಿಯೊಂದು ಭಾರತದ ಟಿವಿಯಲ್ಲಿ ಇಷ್ಟು ಕಾಲ ಬಾಳಿದ್ದು ಅಪರೂಪ. ಆದರೂ ಅದರ ಬಗ್ಗೆ ಕೇಳಿಬರುವ ಮಾತು ಎರಡೇ ಬಗೆಯದು. ಒಂದು ಬಾಲ್ಯದ ನೆನಪು ಬೆರೆತ ಮೆಚ್ಚುಗೆ, ಇನ್ನೊಂದು ಮೊಬೈಲುಗಳಲ್ಲಿ ಹರಿದಾಡುವ ಗೇಲಿ. ಧಾರಾವಾಹಿ ಏನು ಮಾಡಿತು, ಎಲ್ಲಿ ಗೆದ್ದಿತು, ಎಲ್ಲಿ ತಪ್ಪಿತು ಎಂಬ ವಿಚಾರಣೆ ಈ ಎರಡರಿಂದಲೂ ಆಗಿಲ್ಲ.

ಇದನ್ನು ಹುಟ್ಟುಹಾಕಿದವರು ಬಿ. ಪಿ. ಸಿಂಗ್. ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಕಲಿತು ದೂರದರ್ಶನದಲ್ಲಿ ಕ್ಯಾಮೆರಾ ಹಿಡಿದವರು. ಪೊಲೀಸರ ತುರ್ತು ಸಂಖ್ಯೆ 100ನ್ನೇ ಹೆಸರಾಗಿಸಿಕೊಂಡ ‘ಏಕ್ ಶೂನ್ಯ ಶೂನ್ಯ’ ಎಂಬ ಮರಾಠಿ ಧಾರಾವಾಹಿಯನ್ನು ಅವರು ಮೊದಲೇ ಮಾಡಿದ್ದರು. ಅದರಲ್ಲಿ ನಟಿಸಿದ್ದ ಶಿವಾಜಿ ಸಾಟಮ್ ಇಲ್ಲಿ ಎಸಿಪಿ ಪ್ರದ್ಯುಮ್ನ ಆದರು. ಸೋನಿಯಲ್ಲಿ 1995ರಿಂದ ಬರುತ್ತಿದ್ದ ದೆವ್ವದ ಧಾರಾವಾಹಿ ‘ಆಹಟ್’ ಕೂಡ ಸಿಂಗ್ ಅವರದೇ. ಮಬ್ಬು ಬೆಳಕು, ಖಾಲಿ ಬಂಗಲೆ, ಬಾಗಿಲ ಸಂದಿಯಿಂದ ಇಣುಕುವ ಕ್ಯಾಮೆರಾ, ಯಾರೂ ಇಲ್ಲದ ಕೋಣೆಯಲ್ಲಿ ಏನೋ ಬಿದ್ದ ಸದ್ದು – ಆರಂಭದ ‘ಸಿಐಡಿ’ಯಲ್ಲಿ ದೆವ್ವದ ಕತೆಯ ಈ ಕಸುಬು ಎದ್ದು ಕಾಣುತ್ತದೆ. ಹಂತಕ ಮನುಷ್ಯನೇ ಎಂಬುದು ಗೊತ್ತಾಗುವುದು ಕೊನೆಯಲ್ಲಿ, ಅಷ್ಟೇ.

ಅದಕ್ಕೂ ಮೊದಲು ಹಿಂದಿ ಟಿವಿಯಲ್ಲಿ ಪತ್ತೇದಾರರಿಗೆ ಕೊರತೆ ಇರಲಿಲ್ಲ. 1985ರ ‘ಕರಮ್‌ಚಂದ್’ನಲ್ಲಿ ಪಂಕಜ್ ಕಪೂರ್ ಕ್ಯಾರೆಟ್ ಕಡಿಯುತ್ತ ಕೊಲೆಗಾರನನ್ನು ಹಿಡಿಯುತ್ತಿದ್ದರು. 1993ರಲ್ಲಿ ಬಾಸು ಚಟರ್ಜಿ ನಿರ್ದೇಶಿಸಿದ ‘ಬ್ಯೋಮಕೇಶ್ ಬಕ್ಷಿ’ಯಲ್ಲಿ ರಜಿತ್ ಕಪೂರ್ ಧೋತಿಯುಟ್ಟು ತರ್ಕ ಮಾಡುತ್ತಿದ್ದರು. ಇವರೆಲ್ಲ ಖಾಸಗಿ ಪತ್ತೇದಾರರು, ಒಂಟಿ ಬುದ್ಧಿವಂತರು. ಇಂಥ ಕತೆಗಳಲ್ಲಿ ಪೊಲೀಸರ ಪಾಲಿಗೆ ಉಳಿಯುವುದು ಪೆದ್ದರ ವೇಷ, ಇಲ್ಲವೇ ಕೊನೆಗೆ ಬಂದು ಕೋಳ ತೊಡಿಸುವ ಕೆಲಸ. ‘ಸಿಐಡಿ’ ಬುದ್ಧಿಯನ್ನು ಪೊಲೀಸರ ಕೈಗೇ ಕೊಟ್ಟಿತು, ಅದನ್ನೂ ಒಬ್ಬನಿಗೆ ಕೊಡದೆ ಐದಾರು ಜನಕ್ಕೆ ಹಂಚಿತು. ಇದು ಕತೆಯ ತೀರ್ಮಾನವೂ ಹೌದು, ವ್ಯವಹಾರದ ಜಾಣತನವೂ ಹೌದು. ಒಬ್ಬ ನಟ ಬಿಟ್ಟುಹೋದರೆ ತಂಡ ಉಳಿಯುತ್ತದೆ. ಮೊದಲ ವರ್ಷ ಇನ್‌ಸ್ಪೆಕ್ಟರ್ ವೀರೇಂದ್ರನ ಪಾತ್ರದಲ್ಲಿದ್ದ ಆಶುತೋಷ್ ಗೋವಾರಿಕರ್ ಅಲ್ಲಿಂದ ಹೊರಟು 2001ರಲ್ಲಿ ‘ಲಗಾನ್’ ನಿರ್ದೇಶಿಸಿದರು. ಧಾರಾವಾಹಿಗೆ ಅದರಿಂದ ಏನೂ ಆಗಲಿಲ್ಲ. ಆರಂಭದ ಕಂತೊಂದರಲ್ಲಿ ಅಪರಾಧಿಯಾಗಿ ಬಂದು ಹೋಗಿದ್ದ ಆದಿತ್ಯ ಶ್ರೀವಾಸ್ತವ 1999ರಲ್ಲಿ ಇನ್‌ಸ್ಪೆಕ್ಟರ್ ಅಭಿಜೀತ್ ಆಗಿ ಮರಳಿದರು. ನೋಡುಗರು ಅದನ್ನೂ ಸಲೀಸಾಗಿ ನುಂಗಿಕೊಂಡರು.

ಮೊದಲ ವರ್ಷಗಳ ಕತೆಗಳು ಒಂದಕ್ಕಿಂತ ಹೆಚ್ಚು ಕಂತುಗಳಿಗೆ ಹಬ್ಬುತ್ತಿದ್ದವು. ಶಂಕಿತರಿಗೆ ಮಾತಾಡಲು ಸಮಯವಿತ್ತು. ಅಧಿಕಾರಿಗಳು ತಪ್ಪು ದಾರಿ ಹಿಡಿದು ವಾಪಸಾಗುತ್ತಿದ್ದರು. ಒಂದೇ ಕಂತಿನಲ್ಲಿ ಕತೆ ಮುಗಿಸುವ ಪದ್ಧತಿ ಬಂದ ಮೇಲೆ ಅಚ್ಚು ಗಟ್ಟಿಯಾಯಿತು. ಮೊದಲ ಐದು ನಿಮಿಷದಲ್ಲಿ ಶವ. ತಂಡ ಸ್ಥಳಕ್ಕೆ ಬಂದು ಕೈಗವಸು ತೊಟ್ಟು ಸುತ್ತ ನೋಡುತ್ತದೆ. ಸೋಫಾದ ಅಡಿಯಲ್ಲಿ ಒಂದು ಗುಂಡಿಯೋ ಹರಿದ ಚೀಟಿಯೋ ಸಿಗುತ್ತದೆ. ಎಸಿಪಿ ಅದನ್ನು ಬೆಳಕಿಗೆ ಹಿಡಿದು, ಮತ್ತೊಂದು ಕೈಯ ಬೆರಳುಗಳನ್ನು ಗಾಳಿಯಲ್ಲಿ ತಿರುವುತ್ತ, ಏನೋ ಗಡಬಡ ಇದೆ ಎಂದು ದಯಾನಿಗೆ ಹೇಳುತ್ತಾರೆ. ಕ್ಯಾಮೆರಾ ಒಬ್ಬೊಬ್ಬರ ಮುಖಕ್ಕೂ ಸರ್ರನೆ ನುಗ್ಗುತ್ತದೆ, ಜೊತೆಗೆ ಢಂಢಂ ಸಂಗೀತ. ಮುಂದೆ ಪ್ರಯೋಗಾಲಯ, ಅಲ್ಲಿಂದ ಒಬ್ಬ ಶಂಕಿತ, ಅವನ ಮನೆಗೆ ಬೀಗ. ದಯಾ ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲಿಗೆ ಒದೆಯುತ್ತಾರೆ, ಚಿಲಕ ಕಿತ್ತು ಬರುತ್ತದೆ. ಒಳಗೆ ಎರಡನೆಯ ಶವ. ಕೊನೆಗೆ ಎಲ್ಲರನ್ನೂ ಒಂದೆಡೆ ನಿಲ್ಲಿಸಿ ಘಟನೆಯನ್ನು ಬಿಡಿಸಿ ಹೇಳುವುದು, ಒಂದು ಕಪಾಳಮೋಕ್ಷ, ತಪ್ಪೊಪ್ಪಿಗೆ, ಇನ್ನು ನಿನಗೆ ಗಲ್ಲೇ ಗತಿ ಎಂಬ ಎಸಿಪಿಯ ಮಾತು.

ಅಚ್ಚು ಇದೆ ಎಂಬುದೇ ದೋಷವಲ್ಲ. ಯಕ್ಷಗಾನ ನೋಡಲು ಹೋಗುವವರಿಗೆ ಪ್ರಸಂಗದ ಕೊನೆ ಗೊತ್ತಿರುವುದಿಲ್ಲವೇ? ಇವತ್ತು ಹೇಗೆ ಆಡಿದರು ಎಂಬುದೇ ಅಲ್ಲಿನ ಕುತೂಹಲ. 2000ದಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಶುರುವಾದ ‘ಕ್ಯೋಂಕಿ ಸಾಸ್ ಭೀ ಕಭೀ ಬಹು ಥೀ’ ಹಿಂದಿ ಟಿವಿಯನ್ನು ಅಡುಗೆಮನೆಗೂ ದೇವರಮನೆಗೂ ಕಟ್ಟಿಹಾಕಿದಾಗ, ಮನೆಯ ಗಂಡಸರು ಮತ್ತು ಮಕ್ಕಳು ಒಟ್ಟಿಗೆ ಕೂತು ನೋಡಲು ಉಳಿದ ಕೆಲವೇ ಕಾರ್ಯಕ್ರಮಗಳಲ್ಲಿ ‘ಸಿಐಡಿ’ ಒಂದು. ಕಳೆದ ವಾರ ನೋಡದಿದ್ದರೂ ಈ ವಾರ ಅರ್ಥವಾಗುತ್ತದೆ. ಕೊಲೆ ಇದ್ದರೂ ರಕ್ತ ಹೆಚ್ಚಿಲ್ಲ, ಬೈಗುಳ ಇಲ್ಲ, ಮುಜುಗರದ ದೃಶ್ಯ ಇಲ್ಲ. ಈ ಅಚ್ಚುಕಟ್ಟು ಅದರ ಆಯುಷ್ಯದ ಮುಖ್ಯ ಕಾರಣ.

ತಾಂತ್ರಿಕವಾಗಿ ಅದು ಸೋಮಾರಿಯಾಗಿತ್ತು ಎನ್ನುವುದೂ ತಪ್ಪು. 2004ರ ನವೆಂಬರ್‌ನಲ್ಲಿ ಪ್ರಸಾರವಾದ ‘ದಿ ಇನ್‌ಹೆರಿಟೆನ್ಸ್’ ಎಂಬ ವಿಶೇಷ ಕಂತನ್ನು 111 ನಿಮಿಷ ಎಲ್ಲೂ ಕತ್ತರಿಸದೆ ಒಂದೇ ಶಾಟ್‌ನಲ್ಲಿ ಚಿತ್ರೀಕರಿಸಲಾಯಿತು. ಲಿಮ್ಕಾ ಮತ್ತು ಗಿನ್ನೆಸ್ ದಾಖಲೆಗಳಿಗೆ ಸೇರಿದ ಕಂತು ಅದು. ಒಬ್ಬರು ಒಂದು ಮಾತು ಮರೆತರೂ ಮೊದಲಿನಿಂದ ಶುರು ಮಾಡಬೇಕು, ದೀಪ ಹಿಡಿದವರು, ಮೈಕ್ ಹಿಡಿದವರು ಕ್ಯಾಮೆರಾದ ಬೆನ್ನ ಹಿಂದೆಯೇ ಅಡಗಿಕೊಂಡು ಓಡಾಡಬೇಕು. ನಟರು ನಾಟಕದವರಂತೆ ಪೂರ್ತಿ ಪಾಠ ಒಪ್ಪಿಸಿದರು. ವಾರವಾರ ಕಂತು ತುಂಬಿಸುವ ಯಂತ್ರದೊಳಗೆ ಇಂಥ ಹುಮ್ಮಸ್ಸು ಇತ್ತೆಂಬುದು ಗಮನಿಸತಕ್ಕದ್ದು. ಆ ಹುಮ್ಮಸ್ಸು ಮುಂದೆ ಬರವಣಿಗೆಗೆ ಹಬ್ಬಲಿಲ್ಲ ಎಂಬುದೇ ಕೊರಗು.

ಧಾರಾವಾಹಿಯ ನಿಜವಾದ ಆಸ್ತಿ ನಟರು. ಸಾಟಮ್ ನಟನೆಗೆ ಬರುವ ಮೊದಲು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವರು. ಅವರ ಎಸಿಪಿಯಲ್ಲಿ ಒಬ್ಬ ಹಿರಿಯ ಗುಮಾಸ್ತನ ಗಾಂಭೀರ್ಯ, ಕಿರಿಕಿರಿ ಎರಡೂ ಇವೆ. ದಯಾ ಪಾತ್ರದ ದಯಾನಂದ ಶೆಟ್ಟಿ ಉಡುಪಿಯ ಕಟಪಾಡಿ ಮೂಲದವರು, ಡಿಸ್ಕಸ್ ಎಸೆತದ ಕ್ರೀಡಾಪಟು. ಬಾಗಿಲು ಒಡೆಯುವ ಅವರ ಖ್ಯಾತಿ ಎಷ್ಟಿತ್ತೆಂದರೆ, 2014ರ ‘ಸಿಂಘಮ್ ರಿಟರ್ನ್ಸ್’ ಸಿನಿಮಾದಲ್ಲೂ ಅವರಿಗೆ ದಯಾ ಎಂಬ ಹೆಸರಿನ ಪೊಲೀಸ್ ಪಾತ್ರವನ್ನೇ ಕೊಡಲಾಯಿತು. ನಗಿಸುವ ಫ್ರೆಡ್ರಿಕ್ಸ್ ಆಗಿದ್ದ ದಿನೇಶ್ ಫಡ್ನಿಸ್ 2023ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ, ಧಾರಾವಾಹಿ ನಿಂತು ಐದು ವರ್ಷವಾಗಿದ್ದರೂ, ಜನ ಮನೆಯವರನ್ನು ಕಳೆದುಕೊಂಡಂತೆ ಮರುಗಿದರು. ಇನ್‌ಸ್ಪೆಕ್ಟರ್ ವಿವೇಕ್ ಆಗಿದ್ದ ವಿವೇಕ್ ಮಶ್ರು ನಟನೆ ಬಿಟ್ಟು ಬೆಂಗಳೂರಿನಲ್ಲಿ ಪ್ರಾಧ್ಯಾಪಕರಾದ ಸುದ್ದಿಯೂ ಅದೇ ವರ್ಷ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಪಾತ್ರಗಳಿಗೆ ಮನೆ, ಸಂಸಾರ, ಸಂಬಳದ ಚಿಂತೆ ಯಾವುದನ್ನೂ ಹೆಚ್ಚು ಕೊಡದ ಧಾರಾವಾಹಿ ಇಷ್ಟು ಆಪ್ತತೆ ಗಳಿಸಿದ್ದು ಈ ನಟರ ಸಹಜ ಒಡನಾಟದಿಂದ. ಸಂಭಾಷಣೆ ಪೇಲವವಾದ ಕಂತಿನಲ್ಲೂ ದಯಾ–ಅಭಿಜೀತ್ ಸ್ನೇಹ ನಂಬುವಂತಿರುತ್ತದೆ.

ಹೆಂಗಸರ ಮಾತು ಬಂದರೆ ಲೆಕ್ಕ ಬೇರೆ. ಡಾ. ತಾರಿಕಾ, ಶ್ರೇಯಾ, ಪೂರ್ವಿ ಮುಂತಾದ ಪಾತ್ರಗಳು ಬಂದವು. ಪಿಸ್ತೂಲು ಹಿಡಿದರು, ಬೆನ್ನಟ್ಟಿ ಓಡಿದರು. ಆದರೆ ಗಂಟು ಬಿಡಿಸುವ ಕೊನೆಯ ಮಾತು ಬಹುತೇಕ ಗಂಡಸರದೇ. ಮಹಿಳಾ ಅಧಿಕಾರಿಗಳು ಬದಲಾಗುತ್ತಲೇ ಇದ್ದರು, ಮೂವರು ಗಂಡಸರು ಮಾತ್ರ ಅಲುಗಲಿಲ್ಲ. ಅಪರಾಧದ ಕಾರಣಗಳಲ್ಲೂ ಇಂಥದೇ ಸಂಕೋಚ. ಆಸ್ತಿ, ಅಕ್ರಮ ಸಂಬಂಧ, ಬ್ಲ್ಯಾಕ್‌ಮೇಲ್, ಹಳೆಯ ಸೇಡು – ಸಾವಿರಾರು ಕೊಲೆಗಳು ಹೆಚ್ಚಾಗಿ ಈ ನಾಲ್ಕರ ಸುತ್ತಲೇ ಗಿರಕಿ ಹೊಡೆಯುತ್ತವೆ. ಜಾತಿಯ ಕಾರಣಕ್ಕೆ ನಡೆಯುವ ಕೊಲೆ, ಕೋಮು ದ್ವೇಷ, ಗುತ್ತಿಗೆದಾರ–ರಾಜಕಾರಣಿಗಳ ಕೂಟ ಇವುಗಳ ಹತ್ತಿರ ಧಾರಾವಾಹಿ ಅಷ್ಟಾಗಿ ಸುಳಿಯಲಿಲ್ಲ. ಮುಂಬೈಯನ್ನು ಕತೆಯ ಊರಾಗಿ ಇಟ್ಟುಕೊಂಡ ಧಾರಾವಾಹಿಗೆ ಮುಂಬೈಯೇ ಕಾಣಲಿಲ್ಲ ಎನ್ನಬೇಕು.

ವಿಜ್ಞಾನದ ವಿಷಯದಲ್ಲಿ ‘ಸಿಐಡಿ’ಗೆ ಅರ್ಧ ಹೊಗಳಿಕೆ ಸಲ್ಲುತ್ತದೆ. ಬೆರಳಚ್ಚು, ಡಿಎನ್‌ಎ, ವಿಷಪತ್ತೆ ಎಂಬ ಮಾತುಗಳು ಹಳ್ಳಿಯ ಹುಡುಗರ ಬಾಯಿಗೂ ಬಂದದ್ದರಲ್ಲಿ ನರೇಂದ್ರ ಗುಪ್ತಾ ಅಭಿನಯಿಸಿದ ವಿಧಿವಿಜ್ಞಾನ ತಜ್ಞ ಡಾ. ಸಾಲುಂಖೆಯ ಪಾಲು ದೊಡ್ಡದು. ಉಳಿದರ್ಧ ತಮಾಷೆ. ಪ್ರಯೋಗಾಲಯದಲ್ಲಿ ನೀಲಿ, ಕೆಂಪು, ಹಸಿರು ದ್ರವಗಳು ಗಾಜಿನ ನಳಿಕೆಗಳಲ್ಲಿ ಕುದಿಯುತ್ತಿರುತ್ತವೆ. ಒಂದನ್ನು ಇನ್ನೊಂದಕ್ಕೆ ಸುರಿದರೆ ಬಣ್ಣ ಬದಲಾಗಿ ಕೊಲೆಗಾರನ ಸುಳಿವು ಸಿಗುತ್ತದೆ. ವಾಸ್ತವದಲ್ಲಿ ಮರಣೋತ್ತರ ಪರೀಕ್ಷೆ ಮಾಡುವವರು ಸರ್ಕಾರಿ ಆಸ್ಪತ್ರೆಯ ವೈದ್ಯರು. ವಿಧಿವಿಜ್ಞಾನ ಪ್ರಯೋಗಾಲಯದ ಕೆಲಸ ಬೇರೆ. ಜಠರ, ಯಕೃತ್ತಿನ ತುಂಡುಗಳನ್ನು ಉಪ್ಪಿನ ದ್ರಾವಣದಲ್ಲಿಟ್ಟು, ಮೊಹರು ಹಾಕಿ, ಬೆಂಗಳೂರಿನ ಮಡಿವಾಳದಲ್ಲಿರುವಂಥ ಪ್ರಯೋಗಾಲಯಕ್ಕೆ ಕಳಿಸಬೇಕು, ಸರದಿಗೆ ಕಾಯಬೇಕು. ಡಿಎನ್‌ಎ ಪರೀಕ್ಷೆಗೆ ಎಲ್ಲ ಸೌಕರ್ಯ ಕೈಯಲ್ಲಿದ್ದರೂ ಒಂದೆರಡು ದಿನ ಬೇಕು, ಬಾಕಿ ಪ್ರಕರಣಗಳ ರಾಶಿ ಸೇರಿದರೆ ತಿಂಗಳುಗಳೇ ಹಿಡಿಯುತ್ತವೆ. ಸಾವಿನ ಸಮಯವನ್ನು ವೈದ್ಯರು ಕೆಲವು ಗಂಟೆಗಳ ಅಂತರದಲ್ಲಿ ಅಂದಾಜಿಸುತ್ತಾರೆ. ಸಾಲುಂಖೆ ಹೇಳಿದಂತೆ ಗಡಿಯಾರ ನೋಡಿ ಹೇಳುವುದಿಲ್ಲ.

ಇಲಾಖೆಯ ರಚನೆಯೂ ಹೀಗೆಯೇ. ಮಹಾರಾಷ್ಟ್ರ ರಾಜ್ಯ ಸಿಐಡಿಯ ಕೇಂದ್ರ ಕಚೇರಿ ಇರುವುದು ಪುಣೆಯಲ್ಲಿ. ಮುಂಬೈ ಪೊಲೀಸರ ಕ್ರೈಂ ಬ್ರಾಂಚನ್ನೂ ಸಿಐಡಿ ಎಂದು ಕರೆಯುವುದುಂಟು, ಧಾರಾವಾಹಿ ಇವೆರಡನ್ನೂ ಕಲಸಿ ತನ್ನದೊಂದು ಇಲಾಖೆ ಕಟ್ಟಿಕೊಂಡಿದೆ. ಬೆಂಗಳೂರಿನ ಅರಮನೆ ರಸ್ತೆಯ ಕಾರ್ಲ್‌ಟನ್ ಹೌಸ್‌ನಲ್ಲಿರುವ ಕರ್ನಾಟಕ ಸಿಐಡಿಯನ್ನು ಬಲ್ಲವರಿಗೆ ಗೊತ್ತು, ಸಿಐಡಿ ಎಂದರೆ ಶವ ಬಿದ್ದ ಹತ್ತು ನಿಮಿಷಕ್ಕೆ ಜೀಪಿನಲ್ಲಿ ಬಂದಿಳಿಯುವ ತಂಡವಲ್ಲ. ಠಾಣೆಯವರು ಮೊದಲು ನೋಡಿ, ಎಫ್‌ಐಆರ್ ಆಗಿ, ಸರ್ಕಾರವೋ ಮಹಾನಿರ್ದೇಶಕರೋ ಒಪ್ಪಿಸಿದ ಮೇಲೆ ಅಲ್ಲಿಗೆ ಕಡತ ಹೋಗುತ್ತದೆ. ಧಾರಾವಾಹಿಯಲ್ಲಿ ಠಾಣೆಯೇ ಕಾಣುವುದಿಲ್ಲ. ಎಫ್‌ಐಆರ್ ಬರೆಯುವ ರೈಟರ್ ಇಲ್ಲ, ಮಹಜರಿಗೆ ಸಹಿ ಹಾಕುವ ಪಂಚರಿಲ್ಲ. ಇಂಥ ಸ್ವಾತಂತ್ರ್ಯಗಳನ್ನು ಮನರಂಜನೆಯ ಲೆಕ್ಕಕ್ಕೆ ಬಿಡಬಹುದು. ಮಹಜರು ಬರೆಯುವುದನ್ನು ಅರ್ಧ ಗಂಟೆ ಕೂತು ನೋಡುವವರು ಯಾರು?

ಕಪಾಳಮೋಕ್ಷವನ್ನು ಮಾತ್ರ ಹಾಗೆ ಬಿಡಲಾಗದು. ಧಾರಾವಾಹಿ ಆರಂಭವಾಗುವ ಹದಿಮೂರು ತಿಂಗಳ ಹಿಂದೆ, 1996ರ ಡಿಸೆಂಬರ್ 18ರಂದು, ಡಿ. ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಂಧನಕ್ಕೆ ಕಟ್ಟುನಿಟ್ಟಿನ ನಿಯಮಗಳನ್ನು ಹಾಕಿತ್ತು. ಬಂಧಿಸುವವರು ಹೆಸರಿನ ಪಟ್ಟಿ ಧರಿಸಿರಬೇಕು, ಬಂಧನದ ಟಿಪ್ಪಣಿಗೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು, ಕಸ್ಟಡಿಯಲ್ಲಿರುವವರನ್ನು 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. ಠಾಣೆಗಳಲ್ಲಿ ಸಾಯುತ್ತಿದ್ದವರ ಸಂಖ್ಯೆ ನೋಡಿ ಕೊಟ್ಟ ತೀರ್ಪು ಅದು. ಮಫ್ತಿಯಲ್ಲಿ ಬಂದು ಗುರುತಿನ ಚೀಟಿ ಮಿಂಚಿಸಿ, ಕೇಳಿದ್ದಕ್ಕೆ ಉತ್ತರ ಕೊಡದವನ ಕೆನ್ನೆಗೆ ಬಾರಿಸುವ ಅಧಿಕಾರಿಗಳನ್ನು ದೇಶ ಅದರ ನಂತರ ಇಪ್ಪತ್ತು ವರ್ಷ ಚಪ್ಪಾಳೆ ತಟ್ಟಿ ನೋಡಿತು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪೊಲೀಸರ ಮುಂದೆ ಒಪ್ಪಿಕೊಂಡ ಮಾತು ಆರೋಪಿಯ ವಿರುದ್ಧ ಸಾಕ್ಷ್ಯವಾಗದು ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಅದನ್ನೇ ಹೇಳುತ್ತದೆ. ಆರೋಪಿ ಕೊಟ್ಟ ಮಾಹಿತಿಯಿಂದ ಚಾಕುವೋ ಶವವೋ ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಭಾಗ ಮಾತ್ರ ನಿಲ್ಲುತ್ತದೆ. ಇಂಥ ನಿಯಮವನ್ನು ಬ್ರಿಟಿಷರೇ ತಂದರು ಎಂದರೆ, ಬಾಯಿ ಬಿಡಿಸುವ ಕಲೆಯ ಬಗ್ಗೆ ಅವರಿಗೂ ಎಷ್ಟು ಅಪನಂಬಿಕೆ ಇತ್ತೆಂದು ಊಹಿಸಬಹುದು. 2010ರ ಮೇ 5ರಂದು, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮನಸ್ಸಿನೊಳಗಿನ ಮಾತನ್ನು ಬಲವಂತದಿಂದ ಹೊರತೆಗೆಯಬಾರದು ಎಂದು ನ್ಯಾಯಾಲಯ ತೀರ್ಪು ಕೊಟ್ಟ ವಾರವೂ ಪ್ರದ್ಯುಮ್ನರ ಲೋಕದಲ್ಲಿ ಏನೂ ಬದಲಾಗಲಿಲ್ಲ.

ಧಾರಾವಾಹಿಯ ಪರವಾಗಿ ಒಂದು ಮಾತು ಹೇಳಬೇಕು. ಅಲ್ಲಿ ಕೊನೆಯ ಏಟು ಬೀಳುವುದು ಸಾಮಾನ್ಯವಾಗಿ ಸುಳಿವುಗಳನ್ನೆಲ್ಲ ಜೋಡಿಸಿದ ಮೇಲೆ, ತಪ್ಪಿತಸ್ಥ ಯಾರೆಂದು ನೋಡುಗರಿಗೂ ಖಚಿತವಾದ ಮೇಲೆ. ಆದರೆ ತೊಂದರೆ ಇರುವುದು ಆ ಖಚಿತತೆಯಲ್ಲೇ. ‘ಸಿಐಡಿ’ ಹಿಡಿದವರೆಲ್ಲ ಅಪರಾಧಿಗಳೇ. ತಪ್ಪು ಬಂಧನ ಎಂಬುದಕ್ಕೆ ಅಲ್ಲಿ ಬೆಲೆ ತೆರಬೇಕಿಲ್ಲ. ನಡುವೆ ಒಬ್ಬ ವಾಚ್‌ಮನ್‌ಗೋ ಡ್ರೈವರ್‌ಗೋ ಮನೆಗೆಲಸದವನಿಗೋ ಏಟು ಬಿದ್ದರೆ, ಮುಂದಿನ ದೃಶ್ಯದಲ್ಲಿ ಅವನನ್ನು ಎಲ್ಲರೂ ಮರೆತಿರುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಇತ್ತೀಚಿನ ವರ್ಷಗಳ ವರದಿಗಳ ಪ್ರಕಾರ ಕೊಲೆ ಪ್ರಕರಣಗಳಲ್ಲಿ ವಿಚಾರಣೆ ಮುಗಿದಾಗ ಶಿಕ್ಷೆಯಾಗುವುದು ಅರ್ಧಕ್ಕಿಂತ ಕಡಿಮೆ. ಸಾಕ್ಷಿಗಳು ತಿರುಗಿಬೀಳುತ್ತಾರೆ, ತನಿಖೆಯಲ್ಲಿ ಲೋಪ ಇರುತ್ತದೆ, ಕೆಲವೊಮ್ಮೆ ಹಿಡಿದದ್ದೇ ಬೇರೆಯವರನ್ನು. ಈ ಅರ್ಧಲೋಕ ಧಾರಾವಾಹಿಯಲ್ಲಿ ಇಲ್ಲವೇ ಇಲ್ಲ.

ಗಲ್ಲಿನ ಮಾತೂ ಅಷ್ಟೇ. 1980ರ ಬಚನ್ ಸಿಂಗ್ ತೀರ್ಪಿನ ನಂತರ ಮರಣದಂಡನೆ ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಮಾತ್ರ. ಧಾರಾವಾಹಿಯ ಮೊದಲ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ನೇಣಿಗೇರಿದವರು ನಾಲ್ವರು: 2004ರಲ್ಲಿ ಧನಂಜಯ್ ಚಟರ್ಜಿ, 2012ರಲ್ಲಿ ಅಜ್ಮಲ್ ಕಸಬ್, 2013ರಲ್ಲಿ ಅಫ್ಜಲ್ ಗುರು, 2015ರಲ್ಲಿ ಯಾಕೂಬ್ ಮೆಮನ್. ಎಸಿಪಿ ಪ್ರದ್ಯುಮ್ನ ಗಲ್ಲು ವಿಧಿಸಿದವರ ಲೆಕ್ಕ ಇಟ್ಟವರಿಲ್ಲ. ನ್ಯಾಯಾಧೀಶರ ಕೆಲಸವನ್ನು ಒಬ್ಬ ಪೊಲೀಸ್ ಅಧಿಕಾರಿ ಒಂದು ವಾಕ್ಯದಲ್ಲಿ ಮುಗಿಸುವುದು ಎಷ್ಟು ರೂಢಿಯಾಯಿತೆಂದರೆ, ಕೋರ್ಟಿಗೆ ಸರಿಯಾದ ಜಾಗ ಸಿಗಲು 2012ರ ‘ಸಿಐಡಿ ವಿರುದ್ಧ್ ಅದಾಲತ್’ ಎಂಬ ಜೋಡಿ ಕಂತುಗಳೇ ಬರಬೇಕಾಯಿತು. ಅಲ್ಲೂ ವಾದಿಸಲು ಬಂದದ್ದು ಇನ್ನೊಂದು ಧಾರಾವಾಹಿಯ ವಕೀಲ.

ಕೊನೆಯ ಹತ್ತು ವರ್ಷ ಧಾರಾವಾಹಿ ತನ್ನ ಗೇಲಿಯನ್ನು ತಾನೇ ಸವಿಯತೊಡಗಿತು. ಬಾಗಿಲು ಒಡೆಯುವುದು ಕತೆಯ ಅಗತ್ಯವಾಗಿ ಉಳಿಯದೆ ಅಭಿಮಾನಿಗಳಿಗೆ ಕೊಡುವ ಪ್ರಸಾದವಾಯಿತು. 2014ರಲ್ಲಿ ‘ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ’ದ ಹಾಸ್ಯ ಪಾತ್ರಗಳೊಂದಿಗೆ ಸಿಐಡಿ ತಂಡ ಬೆರೆಯಿತು. ಸತ್ತವರು ಎದ್ದು ಬರುವುದು ಮಾಮೂಲಾಯಿತು. ಮರಳಿ ಬಂದ ಮೇಲೂ ಚಾಳಿ ಬಿಡಲಿಲ್ಲ. 2025ರ ಏಪ್ರಿಲ್‌ನಲ್ಲಿ ಬಾಂಬ್ ಸ್ಫೋಟದಲ್ಲಿ ಎಸಿಪಿ ಪ್ರದ್ಯುಮ್ನ ಸತ್ತರೆಂದು ವಾಹಿನಿ ಶ್ರದ್ಧಾಂಜಲಿ ಚಿತ್ರವನ್ನೇ ಹಾಕಿತು, ಪಾರ್ಥ್ ಸಮ್ತಾನ್ ಹೊಸ ಎಸಿಪಿಯಾಗಿ ಬಂದರು. ಅಭಿಮಾನಿಗಳು ಸಿಡಿದೆದ್ದರು, ಪ್ರದ್ಯುಮ್ನ ಬದುಕಿ ಬಂದರು. ಸಾವಿನ ಕತೆಗಳಿಂದಲೇ ಬಾಳಿದ ಧಾರಾವಾಹಿಯಲ್ಲಿ ಸಾವಿಗೆ ತೂಕವೇ ಇಲ್ಲದಂತಾಯಿತು.

ಕನ್ನಡ ನೋಡುಗರ ಮಟ್ಟಿಗೆ ಒಂದು ವಿಶೇಷವಿದೆ. ತೆಲುಗು, ಬಂಗಾಳಿಗಳಲ್ಲಿ ಡಬ್ ಆಗಿ ಮನೆಮಾತಾದ ‘ಸಿಐಡಿ’ಯನ್ನು ಕರ್ನಾಟಕದ ಮಕ್ಕಳು ಹಿಂದಿಯಲ್ಲೇ ನೋಡಿದರು, ಪೂರ್ತಿ ಅರ್ಥವಾಗದೆಯೂ ನೋಡಿದರು. ಕನ್ನಡದಲ್ಲಿ ಡಬ್ಬಿಂಗ್‌ಗೆ ಇದ್ದ ಅಘೋಷಿತ ನಿಷೇಧ ಇದಕ್ಕೆ ಕಾರಣ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ಚಿತ್ರರಂಗದ ಮತ್ತು ಕಿರುತೆರೆಯ ಸಂಘಗಳಿಗೆ ದಂಡ ವಿಧಿಸುವ ಹೊತ್ತಿಗೆ ‘ಸಿಐಡಿ’ಗೆ ಹದಿನೇಳು ವರ್ಷವಾಗಿತ್ತು. ಮಾತಿಗಿಂತ ಮುಖಭಾವ, ಸಂಗೀತ, ಏಟುಗಳ ಮೇಲೆ ಕತೆ ನಿಂತಿದ್ದರಿಂದ ಭಾಷೆಯ ತೊಡಕು ದೊಡ್ಡದಾಗಲಿಲ್ಲ. ಏಟಿನ ಪಾಠವೂ ಅಷ್ಟೇ ಸಲೀಸಾಗಿ ತಲುಪಿತು.

ಒಟ್ಟು ತೂಗಿದರೆ, ‘ಸಿಐಡಿ’ಯ ಮೊದಲ ಆರೇಳು ವರ್ಷಗಳ ಕತೆಗಳು ಮತ್ತು 111 ನಿಮಿಷಗಳ ಆ ಒಂದು ಕಂತು ಇಂದಿಗೂ ನೋಡಲು ಯೋಗ್ಯ. ನಂತರದ ಸಾವಿರ ಕಂತುಗಳನ್ನು ನಟರ ಮೇಲಿನ ಪ್ರೀತಿಗೆ ನೋಡಬಹುದು, ಪತ್ತೇದಾರಿಗಾಗಿ ನೋಡುವಂತಿಲ್ಲ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು, ಅದರ ವಿಡಿಯೊ ಆಗಬೇಕು ಎಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು ವಿಧಿಸಿದೆ. ಆ ಸಂಹಿತೆ ಜಾರಿಗೆ ಬಂದ ಐದೇ ತಿಂಗಳಿಗೆ ಮರಳಿದ ಧಾರಾವಾಹಿಗೆ ಕತೆ ಕಟ್ಟಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಿರಲಿಲ್ಲ. ಬರಹಗಾರರು ಹಳೆಯ ಕಪಾಳಮೋಕ್ಷವನ್ನೇ ಆರಿಸಿಕೊಂಡರು.